ಹೋಟನ್ನಿನ ಚಳಿಗಾಲ, ಅಲ್ಲಿಯ ಓಡಾಟ

ನಮ್ಮ ಕಾಲೇಜು ಮುಗಿಸಿ ಎಂ.ಎಸ್.ಗೆಂದು ಅಮೆರಿಕಕ್ಕೆ ಹೋದವರಲ್ಲಿ ಮಿಷಿಗನ್ ಟೆಕ್ ಸೇರಿದವರಿಗೆ ಚಳಿಗಾಲವೂ ಓದಿನಷ್ಟೇ ದೊಡ್ಡ ವಿಷಯ. 1885ರಲ್ಲಿ ಗಣಿ ಶಾಲೆಯಾಗಿ ಶುರುವಾದ ಈ ವಿಶ್ವವಿದ್ಯಾಲಯ ಇರುವುದು ಹೋಟನ್ ಎಂಬ ಚಿಕ್ಕ ಊರಿನಲ್ಲಿ. ಆ ಊರಿರುವುದು ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ಕೀವಿನಾ ಪರ್ಯಾಯ ದ್ವೀಪದಲ್ಲಿ. ಮುಂದೆ ಅಲ್ಲಿಗೆ ಹೊರಡುವ ತಮ್ಮ-ತಂಗಿಯರ ಕೈಗೆ ಈ ಸಂಚಿಕೆ ಸಿಗಲಿ ಎಂದು ಅಲ್ಲಿಯ ಹಿಮದ ಬಗ್ಗೆ, ಅದರಲ್ಲಿ ಓಡಾಡುವ ರೀತಿಯ ಬಗ್ಗೆ ನೆನಪಿರುವುದನ್ನು ಬರೆಯುತ್ತಿದ್ದೇನೆ.

ಅಲ್ಲಿ ಅಷ್ಟು ಹಿಮ ಬೀಳುವುದಕ್ಕೆ ಸರೋವರವೇ ಕಾರಣ. ಕೆನಡಾ ಕಡೆಯಿಂದ ಬರುವ ಒಣ ಚಳಿಗಾಳಿ ಇನ್ನೂ ಹೆಪ್ಪುಗಟ್ಟದ ನೀರಿನ ಮೇಲೆ ಹಾದು ಬರುವಾಗ ಶಾಖವನ್ನೂ ತೇವವನ್ನೂ ಹೀರಿಕೊಳ್ಳುತ್ತದೆ. ನೀರಿನ ಮೇಲ್ಮೈಗೂ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಗೂ 13 ಡಿಗ್ರಿ ಸೆಲ್ಸಿಯಸ್‌ನಷ್ಟು ವ್ಯತ್ಯಾಸ ಬಂದರೆ ಸಾಕು, ಮೋಡ ಕಟ್ಟುತ್ತದೆ. ಅದೇ ಗಾಳಿ ಕೀವಿನಾದ ಗುಡ್ಡಸಾಲನ್ನು ಏರುವಾಗ ತೇವವನ್ನೆಲ್ಲ ಹಿಮವಾಗಿ ಸುರಿಯುತ್ತದೆ. ಸುಪೀರಿಯರ್ ತುಂಬಾ ಆಳವಾದ್ದರಿಂದ ಪೂರ್ತಿ ಹೆಪ್ಪುಗಟ್ಟುವುದು ಅಪರೂಪ. ಹಾಗಾಗಿ ನವೆಂಬರಿನಲ್ಲಿ ಹಿಡಿದದ್ದು ಮಾರ್ಚ್ ದಾಟಿದರೂ ಬಿಡುವುದಿಲ್ಲ. ಸಾಧಾರಣ ವರ್ಷದಲ್ಲೇ ಒಟ್ಟು ಐದು ಮೀಟರಿನ ಆಸುಪಾಸು ಬೀಳುತ್ತದೆ. 1978–79ರಲ್ಲಿ ಕೀವಿನಾ ಕೌಂಟಿಯಲ್ಲಿ ಬಿದ್ದದ್ದು 390.4 ಇಂಚು, ಅಂದರೆ ಹತ್ತು ಮೀಟರಿಗೆ ಸ್ವಲ್ಪ ಕಡಿಮೆ. ಆ ಎತ್ತರವನ್ನು ತೋರಿಸುವ ದೊಡ್ಡ ಅಳತೆ ಕಂಬ ಯು.ಎಸ್. 41 ಹೆದ್ದಾರಿಯ ಪಕ್ಕದಲ್ಲಿ ನಿಂತಿದೆ. ಹೋದವರೆಲ್ಲ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಆದರೂ ಊರು ನಿಲ್ಲುವುದಿಲ್ಲ. ಮಲೆನಾಡಿನವರು ಮಳೆಗಾಲಕ್ಕೆ ಮೊದಲೇ ಸೌದೆ ಒಟ್ಟಿ, ಕಂಬಳಿಕೊಪ್ಪೆ ಸರಿಮಾಡಿ ಇಟ್ಟುಕೊಳ್ಳುತ್ತಾರಲ್ಲ, ಅಲ್ಲಿಯವರ ಸಿದ್ಧತೆಯೂ ಅದೇ ಥರ. ಬಿದ್ದ ಹಿಮವನ್ನು ಎತ್ತುವುದಕ್ಕಿಂತ ಅದನ್ನು ಎಲ್ಲಿ ಹಾಕುವುದು ಎಂಬುದೇ ಅವರಿಗೆ ದೊಡ್ಡ ಯೋಚನೆ. ಹೊಸಬರು ನವೆಂಬರಿನಲ್ಲಿ ಕಾರು ಹೊರಡುವಷ್ಟು ಜಾಗ ಮಾಡಿಕೊಂಡು ಸುಮ್ಮನಾಗುತ್ತಾರೆ. ಆ ಅಂಚಿನ ಗುಡ್ಡೆ ಗಟ್ಟಿಯಾಗಿ ಅಲ್ಲೇ ಕೂರುತ್ತದೆ, ಅದರ ಮೇಲೆ ಇನ್ನಷ್ಟು ಏರುತ್ತದೆ, ಜನವರಿ ಹೊತ್ತಿಗೆ ಹಾಕಲು ಜಾಗವೇ ಇರುವುದಿಲ್ಲ. ಮೊದಲ ಹಿಮವನ್ನೇ ಬೇಕಾದ್ದಕ್ಕಿಂತ ನಾಲ್ಕೈದು ಅಡಿ ಆಚೆಗೆ ತಳ್ಳಿಬಿಡಬೇಕು.

ಅದಕ್ಕೆ ಅಲ್ಲಿಯ ಸಾಧನ ಸ್ಕೂಪ್. ಅಗಲವಾದ ತಗಡಿನ ಬೋಗುಣಿಗೆ ಎರಡೂ ಬದಿಯಿಂದ ಬಗ್ಗಿಸಿದ ಕೊಳವೆಯ ಹಿಡಿ ಇರುತ್ತದೆ. ಸಲಿಕೆಯ ಹಾಗೆ ಅದನ್ನು ಎತ್ತುವುದೇ ಇಲ್ಲ. ಹಿಮದೊಳಕ್ಕೆ ನೂಕಿ, ಹಿಡಿಯನ್ನು ಕೆಳಕ್ಕೆ ಒತ್ತಿದರೆ ಬೋಗುಣಿಯ ಮುಂಭಾಗ ಏಳುತ್ತದೆ. ಹಾಗೇ ಜಾರಿಸಿಕೊಂಡು ಹೋಗಿ ಗುಡ್ಡೆಯ ತುದಿಯಲ್ಲಿ ಹಿಡಿ ಎತ್ತಿ ಸುರಿಯುವುದು. ಗುಡ್ಡೆಗೆ ಒಂದು ಕಡೆ ಇಳಿಜಾರು ದಾರಿ ಕಾಯ್ದುಕೊಂಡರೆ ಎಷ್ಟು ಎತ್ತರಕ್ಕೂ ತಳ್ಳಬಹುದು, ಬೆನ್ನು ಉಳಿಯುತ್ತದೆ. ಹಿಮ ತಗಡಿಗೆ ಅಂಟಿದರೆ ಸಿಲಿಕೋನ್ ಸ್ಪ್ರೇ ಹೊಡೆಯಬೇಕು, ಮೇಣ ಉಜ್ಜಿದರೂ ಆದೀತು.

ರಸ್ತೆಯ ಹಿಮವನ್ನು ಬದಿಗೆ ತಳ್ಳುವ ಪ್ಲೌ ಗಾಡಿ ಬಂದು ಹೋದ ಮೇಲೆ ಮನೆ ದಾರಿಯ ಬಾಯಿಗೆ ಅಡ್ಡಲಾಗಿ ಒಂದು ದಿಂಡು ಬಿದ್ದಿರುತ್ತದೆ. ಅದು ಹೊಸ ಹಿಮದಂತೆ ಹಗುರವಲ್ಲ, ರಸ್ತೆಯ ಕೆಸರು ಹಿಮವೆಲ್ಲ ಒತ್ತಿ ಕಟ್ಟಿದ್ದು. ಆ ಗಂಟೆಯಲ್ಲೇ ತೆಗೆದರೆ ಸರಿ, ರಾತ್ರಿ ಕಳೆದರೆ ಸಲಿಕೆ ಬಾಗುತ್ತದೆ. ಇದನ್ನು ಕಡಿಮೆ ಮಾಡಲು ಉಪಾಯವಿದೆ. ಅಲ್ಲಿ ವಾಹನಗಳು ಬಲಕ್ಕೆ ಓಡುವುದರಿಂದ, ರಸ್ತೆಗೆ ಮುಖ ಮಾಡಿ ನಿಂತರೆ ಪ್ಲೌ ನಿಮ್ಮ ಎಡದಿಂದ ಬಲಕ್ಕೆ ಹಾಯುತ್ತದೆ. ತೆಗೆದ ಹಿಮವನ್ನೆಲ್ಲ ಬಲಗಡೆ ಹಾಕಿ, ಎಡಗಡೆ ರಸ್ತೆಯಂಚಿನಲ್ಲಿ ಒಂದಷ್ಟು ಉದ್ದ ಖಾಲಿ ಮಾಡಿಟ್ಟರೆ, ಪ್ಲೌ ತಾನು ತಂದ ಹೊರೆಯಲ್ಲಿ ಹೆಚ್ಚಿನದನ್ನು ಆ ಖಾಲಿ ಜಾಗದಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ಎಡಗಡೆ ಗುಡ್ಡೆ ಹಾಕಿದವರ ಹಿಮ ವಾಪಸ್ ಅವರ ಬಾಗಿಲಿಗೇ ಬರುತ್ತದೆ. ಪ್ಲೌಗೆ ದಾರಿ ಬಿಡಬೇಕೆಂದೇ ಚಳಿಗಾಲದ ತಿಂಗಳುಗಳಲ್ಲಿ ರಾತ್ರಿ ಹೊತ್ತು ಬೀದಿಯಲ್ಲಿ ಕಾರು ನಿಲ್ಲಿಸುವಂತಿಲ್ಲ. ಬಾಡಿಗೆ ಮನೆ ನೋಡುವಾಗ ಪಾರ್ಕಿಂಗ್ ಜಾಗ ಇದೆಯೇ ಎಂದು ಮೊದಲೇ ಕೇಳಿ.

ಬಟ್ಟೆಯ ವಿಷಯಕ್ಕೆ ಬಂದರೆ, ಊರಿಂದ ದಪ್ಪ ಜರ್ಕಿನ್ ಹೊತ್ತೊಯ್ಯುವುದು ಬೇಡ. ಅಲ್ಲೇ ಕೊಳ್ಳುವುದು ಒಳ್ಳೆಯದು. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು; ಹತ್ತಿ ಬೆವರು ಹೀರಿ ಒದ್ದೆಯಾಗಿ ಮೈಯ ಬಿಸಿಯನ್ನೇ ಕದಿಯುತ್ತದೆ. ಒಳಗೆ ಉಣ್ಣೆ ಅಥವಾ ಪಾಲಿಯೆಸ್ಟರ್, ನಡುವೆ ಫ್ಲೀಸ್, ಹೊರಗೆ ಗಾಳಿ ನುಗ್ಗದ ಕೋಟು. ಐದು ಬೆರಳಿನ ಗ್ಲೌಸಿಗಿಂತ ಬೆರಳುಗಳೆಲ್ಲ ಒಟ್ಟಿಗಿರುವ ಮಿಟನ್ ಬೆಚ್ಚಗೆ. ಬೂಟು ಅರ್ಧ ಸೈಜ್ ದೊಡ್ಡದಿರಲಿ, ದಪ್ಪ ಕಾಲುಚೀಲ ಹಾಕಿ ಬಿಗಿ ಮಾಡಿದರೆ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತದೆ. ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಅದು ಮೈನಸ್ 33. ಕಿವಿ, ಮೂಗಿನ ತುದಿ, ಕೆನ್ನೆ ಮರಗಟ್ಟಿ ಬಿಳಿಚಿಕೊಂಡು ಮೇಣದಂತೆ ಕಂಡರೆ ತಕ್ಷಣ ಒಳಗೆ ಹೋಗಬೇಕು. ತಿಕ್ಕಲೇಬಾರದು, ಹಿಮ ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ. ಕೈಬೆರಳಾದರೆ ಉಗುರುಬೆಚ್ಚಗಿನ ನೀರಲ್ಲಿಡಿ. ಬಣ್ಣ, ಸ್ಪರ್ಶ ಮರಳದಿದ್ದರೆ ಆಸ್ಪತ್ರೆಗೆ ಹೋಗಿ. ಮಂಜುಗಡ್ಡೆಯ ಮೇಲೆ ನಡೆಯುವಾಗ ಹೆಜ್ಜೆ ಚಿಕ್ಕದಿರಲಿ, ಇಡೀ ಪಾದ ಊರಿ, ಭಾರ ಮುಂದಿನ ಕಾಲಿನ ಮೇಲೆ ಬಿಟ್ಟು ನಡೆಯಿರಿ. ಕೈ ಜೇಬಿನಲ್ಲಿ ಬೇಡ.

ಕಾರು ಕೊಂಡವರು ಮೊದಲು ಟೈರಿಗೆ ದುಡ್ಡು ಹಾಕಬೇಕು. 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಬಿಡುತ್ತದೆ. ಬದಿಯಲ್ಲಿ ಬೆಟ್ಟದ ಚಿತ್ರದೊಳಗೆ ಹಿಮದ ಹರಳಿನ ಗುರುತಿರುವ ಹಿಮದ ಟೈರನ್ನು ನಾಲ್ಕೂ ಚಕ್ರಕ್ಕೆ ಹಾಕಿಸಬೇಕು. ಎರಡಕ್ಕೆ ಮಾತ್ರ ಹಾಕಿಸಿದರೆ ತಿರುವಿನಲ್ಲಿ ಕಾರು ಹಿಡಿತ ತಪ್ಪಿ ಗಿರಕಿ ಹೊಡೆಯುತ್ತದೆ. ಫೋರ್ ವೀಲ್ ಡ್ರೈವ್ ಇದ್ದರೆ ಹೊರಡಲು ಸುಲಭ, ನಿಲ್ಲಲು ಅದರಿಂದ ಏನೂ ಸಹಾಯವಿಲ್ಲ. ಇದನ್ನು ಮರೆತವರೇ ಗುಡ್ಡೆಗೆ ನುಗ್ಗುವುದು. ಚಳಿ ಏರಿದಂತೆ ಬ್ಯಾಟರಿಯ ಶಕ್ತಿ ಕುಸಿಯುತ್ತದೆ, ಎಂಜಿನ್ ಆಯಿಲ್ ಮಂದವಾಗುತ್ತದೆ. ಹಳೆಯ ಬ್ಯಾಟರಿಯನ್ನು ಅಕ್ಟೋಬರಿನಲ್ಲೇ ಪರೀಕ್ಷೆ ಮಾಡಿಸಿ. ಗಾಜಿನ ಮೇಲಿನ ಮಂಜಿಗೆ ಬಿಸಿನೀರು ಸುರಿದರೆ ಗಾಜು ಸೀಳುತ್ತದೆ. ಕಾರಿನ ಮಾಡಿನ ಹಿಮವನ್ನೂ ಪೂರ್ತಿ ಇಳಿಸಿ, ಇಲ್ಲವಾದರೆ ಬ್ರೇಕ್ ಹಾಕಿದೊಡನೆ ಅದು ಮುಂಗಾಜಿನ ಮೇಲೆ ಜಾರಿ ದಾರಿ ಕಾಣದಂತಾಗುತ್ತದೆ. ಕೂಡುರಸ್ತೆಗಳಲ್ಲಿ ಗುಡ್ಡೆ ಕಾರಿಗಿಂತ ಎತ್ತರವಿರುವುದರಿಂದ ಎಷ್ಟೋ ಜನ ಆಂಟೆನಾಗೆ ಕಿತ್ತಳೆ ಬಣ್ಣದ ಬಾವುಟ ಕಟ್ಟುತ್ತಾರೆ. ಆಚೆಯವರಿಗೆ ಮೊದಲು ಕಾಣುವುದು ಅದೇ.

ರಸ್ತೆಯ ಹಿಮ ಕರಗಿಸಲು ಹಾಕುವ ಉಪ್ಪು ತೀರಾ ಚಳಿಯಲ್ಲಿ ಕೆಲಸ ಮಾಡುವುದಿಲ್ಲ. ಮೈನಸ್ 9ರ ಕೆಳಗೆ ಅದು ಕರಗಿಸುವುದು ಬಹಳ ನಿಧಾನವಾದ್ದರಿಂದ ಅಲ್ಲಿ ಮರಳು ಎರಚುತ್ತಾರೆ. ಅದು ಹಿಡಿತ ಕೊಡುತ್ತದೆ ಅಷ್ಟೆ, ರಸ್ತೆ ಬಿಳಿಯಾಗಿಯೇ ಇರುತ್ತದೆ. ಹೋಟನ್ ಮತ್ತು ಹ್ಯಾಂಕಾಕ್ ನಡುವಿನ ಎತ್ತುವ ಸೇತುವೆಯ ಮೇಲೆ ಇನ್ನೂ ಎಚ್ಚರ ಬೇಕು. ಕೆಳಗೂ ಗಾಳಿಯಾಡುವ ಕಾರಣ ಸೇತುವೆ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. 1959ರ ಈ ಸೇತುವೆಗೆ ಎರಡು ಅಂತಸ್ತು. ಚಳಿಗಾಲದಲ್ಲಿ ಮೇಲೆ ಕಾರು ಓಡಿದರೆ, ಹಿಂದೆ ರೈಲು ಹೋಗುತ್ತಿದ್ದ ಕೆಳ ಅಂತಸ್ತಿನಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳು ದಾಟುತ್ತವೆ. ಅಲ್ಲಿ ಅದು ಮೋಜಿನ ಗಾಡಿ ಮಾತ್ರವಲ್ಲ, ಓಡಾಟದ ವಾಹನವೂ ಹೌದು.

ಕಾರು ಹೂತರೆ ಆಕ್ಸಿಲರೇಟರ್ ತುಳಿಯುತ್ತಾ ಕೂರಬೇಡಿ, ಚಕ್ರ ತನ್ನಡಿಯ ಹಿಮವನ್ನೇ ಉಜ್ಜಿ ಗಾಜು ಮಾಡುತ್ತದೆ. ಚಕ್ರದ ಮುಂದೆ ಹಿಂದೆ ತೋಡಿ, ಮರಳು ಹಾಕಿ, ಮೆಲ್ಲಗೆ ಹಿಂದೆ ಮುಂದೆ ತೂಗಿಸಿ. ಬಿರುಗಾಳಿಯಲ್ಲಿ ಸಿಕ್ಕಿಬಿದ್ದರೆ ಕಾರು ಬಿಟ್ಟು ಇಳಿದು ನಡೆಯಲೇಬಾರದು. ಹತ್ತು ಹೆಜ್ಜೆಯಲ್ಲಿ ದಿಕ್ಕು ತಪ್ಪುತ್ತದೆ. ಹೀಟರ್‌ಗೆಂದು ಎಂಜಿನ್ ಚಾಲು ಮಾಡುವ ಮೊದಲು ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ. ಅದು ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಕ್ಕೆ ಬರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆ ಬಂದಂತೆ ಪ್ರಾಣ ಹೋಗುತ್ತದೆ. ಗಂಟೆಗೆ ಹತ್ತು ನಿಮಿಷ ಓಡಿಸಿ, ಕಿಟಕಿ ಒಂದಿಷ್ಟು ತೆರೆದಿಡಿ. ಪೆಟ್ರೋಲು ಯಾವಾಗಲೂ ಅರ್ಧ ಟ್ಯಾಂಕಿಗಿಂತ ಕೆಳಗಿಳಿಯದಿರಲಿ. ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಟಾರ್ಚ್, ಒಂದು ಚೀಲ ಮರಳು ಖಾಯಂ ಆಗಿರಬೇಕು.

ಏಪ್ರಿಲಿನಲ್ಲಿ ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ರಸ್ತೆಯ ಬಿರುಕಿಗಿಳಿದ ನೀರು ಹಿಗ್ಗಿ ಟಾರು ಎಬ್ಬಿಸುವುದರಿಂದ ಗುಂಡಿಗಳು ಬೀಳುತ್ತವೆ. ಕೆಳಗಿನ ಮಣ್ಣು ಮೆತ್ತಗಾಗುವ ಆ ವಾರಗಳಲ್ಲಿ ಲಾರಿಗಳ ಹೊರೆಗೂ ಮಿತಿ ಹಾಕುತ್ತಾರೆ. ಬಿಸಿಲು ಕಂಡಿತೆಂದು ಹಿಮದ ಟೈರ್ ಬಿಚ್ಚಿಸಬೇಡಿ, ಬೆಳಗಿನ ಎಂಟು ಗಂಟೆಯ ಕ್ಲಾಸಿಗೆ ಹೊರಡುವ ಹೊತ್ತಿಗೆ ರಸ್ತೆ ಇನ್ನೂ ಮಂಜುಗಡ್ಡೆಯಾಗಿಯೇ ಇರುತ್ತದೆ.