ಚಂದ್ರಿಯ ಬೆನ್ನು

ಚಂದ್ರಿ ಎಂಬ ಹೆಣ್ಣು ಕುದುರೆ ನಮ್ಮ ಮನೆಗೆ ಬಂದ ದಿನ ಪಕ್ಕದ ತೋಟದ ಹೆಗಡೇರು ಬೇಲಿ ಹತ್ತಿರ ನಿಂತು ನೋಡಿದರು. "ಎಂತಕ್ಕೆ ತಂದ್ಯಾ ಮಾರಾಯಾ? ಹಾಲು ಕೊಡ್ತಾ?" ಅಂದರು. ಅವರದೂ ತಪ್ಪಲ್ಲ. ಭಟ್ಕಳ, ಹೊನ್ನಾವರದ ಬಂದರಿನಲ್ಲಿ ಅರಬ್ಬೀ ಕುದುರೆ ಇಳಿದು, ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದ ಕಾಲವೊಂದಿತ್ತು. ಈಗ ಶಿರಸಿಯಲ್ಲಿ ಕುದುರೆ ಅಂದರೆ ಮದುವೆ ಮೆರವಣಿಗೆಯ ಬಾಡಿಗೆ ಕುದುರೆ, ಅಷ್ಟೇ.

ಚಂದ್ರಿ ಮಾರ್ವಾಡಿ ತಳಿ. ಕಿವಿ ಎರಡೂ ಒಳಕ್ಕೆ ಬಾಗಿ ತುದಿಗೆ ತುದಿ ತಾಗುತ್ತದೆ. ವಯಸ್ಸು 13. ಆರು ವರ್ಷದವರೆಗೆ ಜನ ಅವಳ ಮೇಲೆ ಸವಾರಿ ಮಾಡಿದ್ದರು. ಆಮೇಲೆ ಏಳು ವರ್ಷ ಬರೀ ಮರಿ ಹಾಕುವ ಕೆಲಸ. ನಾಲ್ಕು ಮರಿ. ಕೊನೆಯದು ಹಾಲು ಬಿಟ್ಟ ಮೇಲೆ ನನಗೆ ಮಾರಿದರು. ಅವಳನ್ನು ಮತ್ತೆ ಸವಾರಿಗೆ ತಯಾರು ಮಾಡುವುದು ನನ್ನ ಯೋಚನೆ.

ಕುದುರೆ ಹನ್ನೊಂದು ತಿಂಗಳು ಹೊರುತ್ತದೆ. ಹೆತ್ತ ಎಂಟು-ಹತ್ತು ದಿನಕ್ಕೇ ಮತ್ತೆ ಬೆದೆಗೆ ಬರುತ್ತದೆ. ಹಾಗಾಗಿ "ಖಾಲಿ ಇದೆ" ಎಂಬ ಮಾತನ್ನು ನಂಬದೆ ಮೊದಲು ಗಬ್ಬದ ತಪಾಸಣೆ ಮಾಡಿಸಿದೆ. ಖಾಲಿಯೇ ಇತ್ತು. ಡಾಕ್ಟರು ಬಾಯಿಗೂ ಕೈ ಹಾಕಿ ನೋಡಿದರು. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಗೆ ಗಾಯವಾಗಿತ್ತು. ಅರ ಹಾಕಿ ಉಜ್ಜಿ ಕೊಟ್ಟರು. ಈ ಬಾಯಿಗೆ ನಾನು ಮರುದಿನವೇ ಲಗಾಮು ಹಾಕುವವನಿದ್ದೆ! ಇನ್ನು ಗೊರಸು. ನಮ್ಮಲ್ಲಿ ಲಾಳ ಕಟ್ಟುವವರು ಎತ್ತಿಗೆ ಕಟ್ಟುವವರು. ಎತ್ತಿನದು ಸೀಳು ಗೊರಸು, ಒಂದು ಕಾಲಿಗೆ ಎರಡು ತುಂಡು ಲಾಳ. ಕುದುರೆಯದೇ ಬೇರೆ. ಹುಬ್ಬಳ್ಳಿಯಿಂದ ಜನ ಕರೆಸಬೇಕಾಯಿತು. ಆ ಖರ್ಚಿನ ಲೆಕ್ಕ ಇಲ್ಲಿ ಬೇಡ, ಮನೆಯವರೂ ಓದುತ್ತಾರೆ.

ಆದರೆ ನಿಜವಾದ ಕಷ್ಟ ಬೆನ್ನಿನದು. ಹೊಟ್ಟೆ ಜೋತು ಬಿದ್ದಿತ್ತು. ಬೆನ್ನು ನಡುವೆ ತಗ್ಗಿ, ಬೆನ್ನೆಲುಬಿನ ಎರಡೂ ಕಡೆ ಮಾಂಸವೇ ಇರಲಿಲ್ಲ. ಆಯಿ, ಅಂದರೆ ನನ್ನ ಅಮ್ಮ, ಒಂದು ಸುತ್ತು ಬಂದು ನೋಡಿದವಳು, "ಬಾಣಂತಿ ನಡ ಕಟ್ಟದೇ ಬಿಟ್ಟ ಹಾಂಗೆ ಇದ್ದು. ಗಡಿಬಿಡಿ ಮಾಡಡ ತಮಾ" ಅಂದಳು. ಕುದುರೆಯ ಹೊಟ್ಟೆಗೆ ಸೀರೆ ಸುತ್ತಲು ಆಗುವುದಿಲ್ಲವಲ್ಲ. ಹೊಟ್ಟೆಯ ಸ್ನಾಯು ಬಿಗಿಯಾದರೆ ಮಾತ್ರ ಬೆನ್ನು ಮೇಲೇಳುತ್ತದೆ. ಅದಕ್ಕೆ ನಡಿಗೆಯೇ ಔಷಧ.

ಡಿಸೆಂಬರ್ ಪೂರ್ತಿ ಹಗ್ಗ ಹಿಡಿದು ನಡೆಸಿದೆ. ಮೊದಲು 20 ನಿಮಿಷ ತೋಟದ ದಾರಿಯಲ್ಲಿ, ಆಮೇಲೆ 45 ನಿಮಿಷ ಸೊಪ್ಪಿನ ಬೆಟ್ಟದ ಏರು ದಾರಿಯಲ್ಲಿ. ಏರು ಹತ್ತುವಾಗ ಹಿಂಗಾಲು ದೂಡಬೇಕು, ಹೊಟ್ಟೆ ಎತ್ತಬೇಕು. ನನ್ನ ಹೊಟ್ಟೆಗೂ ಅದರಿಂದ ಉಪಕಾರವಾಯಿತು. ಅಂಗಳದಲ್ಲಿ ಅಡಿಕೆ ಮರ ಸೀಳಿದ ದಬ್ಬೆಗಳನ್ನು ಹೆಜ್ಜೆಗೊಂದರಂತೆ ಇಟ್ಟು ದಾಟಿಸಿದೆ. ಕುದುರೆ ಶಾಲೆಗಳಲ್ಲಿ ಇದಕ್ಕೆ ಬಣ್ಣ ಹಚ್ಚಿದ ಕಂಬ ಇಡುತ್ತಾರೆ. ದಬ್ಬೆಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಸೀಳಿದ್ದಾದ್ದರಿಂದ ಕಾಲು ತಾಗಿದರೂ ಉರುಳುವುದಿಲ್ಲ. ನಡಿಗೆ ಮುಗಿದ ಮೇಲೆ ಎದೆಗೂಡಿನ ಕೆಳಗೆ ಬೆರಳಿನಿಂದ ಒತ್ತಿ ಕೆರೆಯುತ್ತಿದ್ದೆ. ಹಾಗೆ ಮಾಡಿದರೆ ಬೆನ್ನು ತಾನಾಗಿ ಮೇಲೇಳುತ್ತದೆ. ಮೊದಲ ದಿನ ಬಾಲ ಬೀಸಿ ಸಿಟ್ಟು ತೋರಿಸಿದಳು.

ಆರನೇ ವಾರ ನನ್ನ ತಲೆ ಕೆಟ್ಟಿತು. ಬೆಂಗಳೂರಿನಲ್ಲಿ ಸವಾರಿ ಕಲಿಯುವಾಗ ಕೊಂಡ ಜೀನು ಅಟ್ಟದ ಮೇಲಿತ್ತು. ಒಂದು ಸಂಜೆ ಸುಮ್ನೆ ಹಾಕಿ ನೋಡಿದೆ. ಅವಳು ಅಲುಗಾಡದೆ ನಿಂತಳು. ಐದೇ ನಿಮಿಷ ಅಂತ ಹತ್ತಿದೆ. ಕಾಲು ಒತ್ತುವುದೇ ತಡ, ಏಳು ವರ್ಷ ಆಗಿಯೇ ಇಲ್ಲ ಎಂಬಂತೆ ಓಡಿದಳು. ಗದ್ದೆಗೆ ಎರಡು ಸುತ್ತು. ಎಷ್ಟು ಖುಷಿಯಾಯಿತು ಅಂದರೆ ಇಳಿದು ಹೆಗಡೇರಿಗೆ ಫೋನ್ ಮಾಡಿದೆ.

ಮರುದಿನ ಬ್ರಷ್ ಇಟ್ಟ ಕೂಡಲೇ ಬೆನ್ನು ತಗ್ಗಿಸಿ ಕಿವಿ ಹಿಂದಕ್ಕೆ ಮಡಚಿದಳು. ಹೆಗಲ ಹಿಂದೆ ಎರಡು ಕಡೆ ಊತ. ತಲೆಗೆ ಎಲ್ಲಾ ನೆನಪಿದೆ, ಬೆನ್ನಿಗೆ ಶಕ್ತಿ ಇಲ್ಲ. ಹೊಸ ಮರಿಯಾದರೆ ಹೆದರಿ ನಿಲ್ಲುತ್ತಿತ್ತು. ಇವಳು ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟಳು. ಬೇಡ ಅನ್ನುವ ಜವಾಬ್ದಾರಿ ನನ್ನದಾಗಿತ್ತು. 12 ದಿನ ಜೀನು ಮುಟ್ಟಲಿಲ್ಲ. ಆಯಿ ಏನೂ ಹೇಳಲಿಲ್ಲ. ಅದೇ ಜಾಸ್ತಿ ನೋವಾಯಿತು.

ಅಕ್ಕನ ಮಗಳು ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದುತ್ತಾಳೆ, ಎನ್‌ಸಿಸಿಯಲ್ಲಿ ಕುದುರೆ ಸವಾರಿ ಕಲಿತವಳು. ರಜೆಗೆ ಬಂದವಳು ಮೊದಲು ಒಂದು ಮೆತ್ತನೆ ತಂತಿ ತಂದು ಚಂದ್ರಿಯ ಹೆಗಲ ಮೇಲೆ ಬಾಗಿಸಿ, ಅದೇ ಆಕಾರವನ್ನು ಜೀನಿನ ಅಡಿ ಹಿಡಿದಳು. ಜೀನು ಇಕ್ಕಟ್ಟು. ನಾನು ಕೆಳಗೆ ದಪ್ಪ ಕಂಬಳಿ ಮಡಚಿ ಹಾಕಿದ್ದೆ. "ಮಾವ, ಬಿಗಿ ಚಪ್ಪಲಿಗೆ ಎರಡು ಸಾಕ್ಸ್ ಹಾಕಿದ ಹಾಗಾಯ್ತು" ಅಂದಳು. ಬೆನ್ನು ತುಂಬಿದ ಹಾಗೆ ಆಕಾರ ಬದಲಾಗುತ್ತದೆ, ತಿಂಗಳಿಗೊಮ್ಮೆ ತಂತಿ ಹಿಡಿದು ನೋಡಬೇಕು ಎಂದೂ ಹೇಳಿದಳು. ದಮ್ಮು, ಮಾಂಸಖಂಡ ಕೆಲವು ವಾರದಲ್ಲಿ ಸುಧಾರಿಸುತ್ತವೆ. ಕಾಲಿನ ಎಲುಬು, ಸ್ನಾಯುವನ್ನು ಎಲುಬಿಗೆ ಕಟ್ಟುವ, ನಾವು ನರ ಅನ್ನುವ ಹುರಿಗಳು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕಂತೆ.

ಆಮೇಲೆ ಟೈಲರ್ ಟೇಪು ತಂದಳು. ಎದೆಯ ಸುತ್ತಳತೆ 165 ಸೆಂಟಿಮೀಟರ್, ಉದ್ದ 145. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋದಲ್ಲಿ ಬರುತ್ತದೆ. ಚಂದ್ರಿ 332 ಕಿಲೋ. ಅದರ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಿಸಬಾರದು ಅನ್ನುತ್ತಾರೆ, ಅಂದರೆ 66. ನಾನು 74, ಜೀನು 8. ಅವಳು ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿ ಹಿಡಿದಳು.

ಹಾಗಾಗಿ ಫೆಬ್ರವರಿಯಲ್ಲಿ, ಹುಬ್ಬಳ್ಳಿಯಿಂದ ತರಿಸಿದ ಅಗಲದ ಜೀನು ಹಾಕಿ, ಶಾಸ್ತ್ರಬದ್ಧವಾಗಿ ಮೊದಲು ಹತ್ತಿದವಳು 47 ಕಿಲೋದ ಅಕ್ಕನ ಮಗಳು. ಹತ್ತು ನಿಮಿಷ, ಬರೀ ನಡಿಗೆ. ಹಗ್ಗ ನನ್ನ ಕೈಯಲ್ಲಿ. ಚಂದ್ರಿ ಎರಡು ಸಲ ಓಡಲು ನೋಡಿದಳು, ಇಬ್ಬರೂ ಬೇಡ ಅಂದೆವು. ಮಳೆ ಶುರುವಾದರೆ ಉಂಬಳ ಅನ್ನುವ ಜಿಗಣೆ, ಕೊಳೆಯುವ ಗೊರಸು, ಜಾರುವ ದಾರಿ. ಆಗ ಮತ್ತೆ ಅಂಗಳದ ದಬ್ಬೆಯೇ ಗತಿ. ಗಡಿಬಿಡಿಯಿಲ್ಲ.

ಜಗಲಿ ಮೇಲೆ ಕೂತು ನೋಡುತ್ತಿದ್ದ ಆಯಿ ಆ ದಿನ ಬಾಯಿ ಬಿಟ್ಟಳು. "ಅದರ ಹುರುಳಿ ಕಡಿಮೆ ಮಾಡಡ. ನಿನ್ನ ದೋಸೆ ಕಡಿಮೆ ಮಾಡು."