ತೆವಳಿಸಬೇಡಿ, ಓಡಿಸಿ: ಪುಣೆಯಲ್ಲಿ ಪೋಲೋ ಜಿಟಿ ಟಿಎಸ್‌ಐ ಸಾಕುವ ಬಗೆ

ಪುಣೆ ಬಳಿಯ ಚಾಕಣದಲ್ಲಿ ತಯಾರಾಗುತ್ತಿದ್ದ ಫೋಕ್ಸ್‌ವ್ಯಾಗನ್ ಪೋಲೋ ಪುಣೆಯವರಿಗೆ ಊರಿನದೇ ಕಾರು. 2010ರಲ್ಲಿ ಶುರುವಾಗಿ 2022ರಲ್ಲಿ ನಿಂತುಹೋಯಿತು. ಅದರಲ್ಲಿ 2013ರಲ್ಲಿ ಬಂದ ಜಿಟಿ ಟಿಎಸ್‌ಐ ಬೇರೆಯದೇ ಜಾತಿ: 1197 ಸಿಸಿ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್, 175 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ), 7 ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಆ ಟಾರ್ಕ್ 1500 ಆರ್‌ಪಿಎಂನಿಂದಲೇ ಪೂರ್ತಿ ಸಿಗುತ್ತದೆ. ಸಾತಾರಾ ದಾರಿಯ ಖಂಬಾಟ್ಕಿ ಘಾಟಿನ ಏರಿನಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು, ಜಾಗ ಸಿಕ್ಕ ಕೂಡಲೇ ಕಾಲು ಒತ್ತಿದರೆ ಇದರ ಬೆಲೆ ತಿಳಿಯುತ್ತದೆ.

ಹಿಂಜವಡಿ, ಖರಾಡಿಯಲ್ಲಿ ಕೆಲಸ ಮಾಡುತ್ತ ತಿಂಗಳಿಗೊಮ್ಮೆ ಬೆಳಗಾವಿ, ಹುಬ್ಬಳ್ಳಿ ಕಡೆ ಹೋಗಿಬರುವ ನಮ್ಮ ಮಂದಿ ಈಗ ಇದನ್ನು ಸೆಕೆಂಡ್‌ ಹ್ಯಾಂಡ್‌ನಲ್ಲಿ ಹುಡುಕುತ್ತಿದ್ದಾರೆ. ಒಳ್ಳೆಯ ಆಯ್ಕೆ. ಆದರೆ ಘಾಟಿನಲ್ಲಿ ಜೋರಾಗಿ ಓಡಿಸಿದರೆ ಈ ಕಾರು ಬೇಗ ಸವೆಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಇದು ನಿಜವಾಗಿ ಸವೆಯುವುದು ಸಂಜೆ ಆರಕ್ಕೆ ಹಿಂಜವಡಿಯಿಂದ ವಾಕಡ್‌ವರೆಗಿನ ದಾರಿಯಲ್ಲಿ.

ಕಾರಣ ಗೇರ್‌ಬಾಕ್ಸ್. ಡಿಕ್ಯೂ200 ಅನ್ನುವ ಈ ಡಿಎಸ್‌ಜಿಯಲ್ಲಿ ಎರಡು ಒಣ ಕ್ಲಚ್‌ಗಳಿವೆ. ಒಣ ಅಂದರೆ ಎಣ್ಣೆಯಲ್ಲಿ ಮುಳುಗಿಲ್ಲ, ಹುಟ್ಟಿದ ಬಿಸಿಯನ್ನು ಎಳೆದುಕೊಂಡು ಹೋಗಲು ಗಾಳಿ ಬಿಟ್ಟರೆ ಬೇರೇನೂ ಇಲ್ಲ. 1, 3, 5, 7ನೇ ಗೇರುಗಳು ಒಂದು ಕ್ಲಚ್ಚಿಗೆ. 2, 4, 6 ಮತ್ತು ರಿವರ್ಸ್ ಇನ್ನೊಂದಕ್ಕೆ. ಬ್ರೇಕ್ ಮೇಲೆ ಅರೆಬರೆ ಕಾಲಿಟ್ಟು ಕಾರನ್ನು ಇಂಚಿಂಚು ತೆವಳಿಸುವಾಗ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಉಜ್ಜುತ್ತಲೇ ಇರುತ್ತದೆ. ಬಿಸಿ ಏರುತ್ತದೆ, ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ, ಆಮೇಲೆ ನಡುಕ ಶುರು.

ಹಾಗಾಗಿ ಟ್ರಾಫಿಕ್ಕಿನಲ್ಲಿ ಹೀಗೆ ಮಾಡಿ. ಮುಂದಿನ ಕಾರು ಎರಡಡಿ ಸರಿಯಿತು ಅಂತ ನೀವೂ ಸರಿಯಬೇಡಿ. ಮುಂದೆ ಒಂದು ಕಾರಿನಷ್ಟು ಜಾಗ ಆಗುವವರೆಗೆ ಬ್ರೇಕ್ ಗಟ್ಟಿಯಾಗಿ ಒತ್ತಿ ನಿಲ್ಲಿ. ಗಟ್ಟಿಯಾಗಿ ಒತ್ತಿದಾಗ ಕ್ಲಚ್ ಬಿಟ್ಟಿರುತ್ತದೆ, ಹಗುರವಾಗಿ ಒತ್ತಿದರೆ ಉಜ್ಜುತ್ತದೆ, ವ್ಯತ್ಯಾಸ ಇಷ್ಟೇ. ಜಾಗ ಆದಮೇಲೆ ಬ್ರೇಕ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಒಂದೇ ಸಲ ಮುಂದೆ ಹೋಗಿ. ಕಡಿಮೆ ವೇಗದಲ್ಲೇ ಬಹಳ ಹೊತ್ತು ಸಾಗಬೇಕಾದರೆ ಲಿವರನ್ನು ಮ್ಯಾನುವಲ್ ಕಡೆಗೆ ತಳ್ಳಿ 1ನೇ ಗೇರಿನಲ್ಲೇ ಇಡಿ. ಡಿಯಲ್ಲಿ (ಮಾಮೂಲಿ ಡ್ರೈವ್) ಬಿಟ್ಟರೆ ಅದು ಅವಸರದಲ್ಲಿ 2ಕ್ಕೆ ಹೋಗಿ, ಮತ್ತೆ 1ಕ್ಕೆ ಬಂದು, ಎರಡೂ ಕ್ಲಚ್ಚನ್ನು ದುಡಿಸುತ್ತದೆ. ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಮೇಲೆ ಕಾರನ್ನು ಹಿಡಿದು ನಿಲ್ಲಿಸುವ ಚಟ ಇದ್ದರೆ ಇವತ್ತೇ ಬಿಡಿ, ಕ್ಲಚ್ ಸುಡಲು ಅದಕ್ಕಿಂತ ಬೇಗನೆಯ ದಾರಿ ಇಲ್ಲ.

ಹಳೆಯ ಕಾರು ಕೊಳ್ಳುವವರು ಒಂದು ಪರೀಕ್ಷೆ ತಪ್ಪದೇ ಮಾಡಬೇಕು. ತಣ್ಣಗಿರುವ ಕಾರು ಚೆನ್ನಾಗಿಯೇ ನಡೆಯುತ್ತದೆ, ಮಾರುವವರು ತೋರಿಸುವುದೂ ಆಗಲೇ. ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಓಡಿಸಿ ಬಿಸಿ ಮಾಡಿ. ಆಮೇಲೆ ಸ್ವಲ್ಪ ಏರಿರುವ ಕಡೆ ನಿಧಾನವಾಗಿ ರಿವರ್ಸ್ ತೆಗೆಯಿರಿ. ನಂತರ ಹಗುರ ಕಾಲಿನಲ್ಲಿ 1ರಿಂದ 2ಕ್ಕೆ ಹೋಗುವಾಗ ಸೀಟಿನ ಕೆಳಗೆ ಏನಾಗುತ್ತದೆ ಗಮನಿಸಿ. ರಿವರ್ಸಿನಲ್ಲೂ 2ರಲ್ಲೂ ನಡುಗಿದರೆ ಸಮ ಗೇರುಗಳ ಕ್ಲಚ್ ಸವೆದಿದೆ. ನಿಂತಲ್ಲಿಂದ ಹೊರಡುವಾಗ ಮಾತ್ರ ನಡುಗಿದರೆ ಬೆಸ ಗೇರುಗಳದ್ದು. ಹೆಚ್ಚಿಲ್ಲದ ನಡುಕವಾದರೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿ ಕ್ಲಚ್ ಅಡಾಪ್ಟೇಶನ್ ಮಾಡಿಸಿ ನೋಡಬಹುದು. ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಗೇರ್‌ಬಾಕ್ಸ್ ಹೊಸದಾಗಿ ಕಲಿತುಕೊಳ್ಳುತ್ತದೆ. ಅದಕ್ಕೂ ಜಗ್ಗದಿದ್ದರೆ ಕ್ಲಚ್ ಬದಲಿಸಬೇಕು. ಲೂಕ್ ಕಂಪನಿಯ ಸೆಟ್ ಸಿಗುತ್ತದೆ. ಆದರೆ ಅದನ್ನು ಕೂರಿಸಲು ಅದಕ್ಕೇ ಮಾಡಿದ ಟೂಲ್ ಕಿಟ್ ಬೇಕು. ಕಿಟ್ ಇದೆಯೇ ಅಂತ ಕೇಳದೆ ಯಾರಿಗೂ ಗೇರ್‌ಬಾಕ್ಸ್ ಇಳಿಸಲು ಬಿಡಬೇಡಿ.

ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಅಕ್ಷರಗಳು ಮಿಟುಕಿ, ಸ್ಪ್ಯಾನರ್ ಚಿಹ್ನೆ ಬಂದು, ಕಾರು ಗೇರಿಗೇ ಬೀಳದಿದ್ದರೆ ಅದು ಬೇರೆ ಕಾಯಿಲೆ, ಗೇರು, ಕ್ಲಚ್ಚುಗಳನ್ನು ನಡೆಸುವ ಮೆಕಟ್ರಾನಿಕ್ ಎಂಬ ಘಟಕದ್ದು. ಅದರ ಹೈಡ್ರಾಲಿಕ್ ಎಣ್ಣೆ, ಸುಮಾರು 1 ಲೀಟರ್, ಗೇರುಗಳ ಎಣ್ಣೆಯಿಂದ ಪೂರ್ತಿ ಬೇರೆ. ಗೇರುಗಳ ಕಡೆಗೆ ಸುಮಾರು 1.7 ಲೀಟರ್. ಒಂದಕ್ಕೆ ಇನ್ನೊಂದನ್ನು ಸುರಿದವರಿದ್ದಾರೆ, ಅದಕ್ಕೇ ಒತ್ತಿ ಹೇಳುವುದು. ಸ್ಕ್ಯಾನರಿನಲ್ಲಿ ಪಿ17ಬಿಎಫ್ ಎಂಬ ಕೋಡ್ ಬಂದರೆ ಒತ್ತಡ ಕಟ್ಟುತ್ತಿಲ್ಲ ಅಂತ ಅರ್ಥ. ಪಂಪು ಬಿಡದೆ ಓಡಿ ಓಡಿ ತನ್ನನ್ನು ಉಳಿಸಿಕೊಳ್ಳಲು ನಿಂತಿದೆ. ಒತ್ತಡ ಹಿಡಿದಿಡುವ ಅಕ್ಯುಮುಲೇಟರ್ ಕೂರುವ ಜಾಗದಲ್ಲಿ ಅಲ್ಯುಮಿನಿಯಂ ಬಿರುಕು ಬಿಟ್ಟು ಎಣ್ಣೆ ಸೋರುವುದು ಇದರ ಹೆಸರುವಾಸಿ ರೋಗ. ಮೆಕಟ್ರಾನಿಕ್ ಒಂದನ್ನೇ ಇಳಿಸಿ ರಿಪೇರಿ ಮಾಡಬಹುದು, ಇಡೀ ಗೇರ್‌ಬಾಕ್ಸ್ ಹೋಯಿತು ಅಂದರೆ ಒಪ್ಪಬೇಡಿ. 2013ರಲ್ಲಿ ಕಂಪನಿಯೇ ಜಗತ್ತಿನಾದ್ಯಂತ ಈ ಗೇರ್‌ಬಾಕ್ಸಿನ ಕಾರುಗಳನ್ನು ಕರೆಸಿ ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ಹಾಕಿತ್ತು. ಆ ಹೊತ್ತಿನ ಕಾರಾದರೆ ಸರ್ವಿಸ್ ದಾಖಲೆಯಲ್ಲಿ ಅದು ನಮೂದಾಗಿದೆಯೇ ನೋಡಿಕೊಳ್ಳಿ. ಇನ್ನೊಂದು ಮಾತು: ಬ್ಯಾಟರಿ ಸೋತಾಗಲೂ ಗೇರ್‌ಬಾಕ್ಸ್ ಇಲ್ಲದ ರೋಗಗಳನ್ನೆಲ್ಲ ಹೇಳುತ್ತದೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.4 ವೋಲ್ಟಿಗಿಂತ ಕಡಿಮೆ ಇದ್ದರೆ ಮೊದಲು ಬ್ಯಾಟರಿ ನೋಡಿ, ಆಮೇಲೆ ಮಿಕ್ಕ ಮಾತು.

2020ರಲ್ಲಿ ಬಂದ 1.0 ಟಿಎಸ್‌ಐಯಲ್ಲಿ ಟಾರ್ಕ್ ಕನ್ವರ್ಟರಿನ 6 ಗೇರಿನ ಆಟೊಮ್ಯಾಟಿಕ್ ಇದೆ. ಅದಕ್ಕೆ ಈ ಕ್ಲಚ್ ಪುರಾಣ ಬೇಡ. 1.2 ಅಥವಾ ಡಿಎಸ್‌ಜಿಗೆ ಮಾತ್ರ ಸೇರಿದ್ದನ್ನು ಬಿಟ್ಟರೆ ಮುಂದಿನ ಮಾತು ಎರಡಕ್ಕೂ ಸಲ್ಲುತ್ತದೆ.

ಎಂಜಿನ್ ಆಯಿಲ್‌ಗೆ ಕಂಪನಿ ಹೇಳುವುದು 15,000 ಕಿಲೋಮೀಟರ್ ಇಲ್ಲವೇ ಒಂದು ವರ್ಷ. ಪುಣೆಯ ಟ್ರಾಫಿಕ್ಕಿಗೆ ಅದರ ಅರ್ಧ ಸರಿ. ನಿಂತು ಓಡುವ ಗಂಟೆಗಳು ಮೀಟರಿನಲ್ಲಿ ಕಾಣುವುದಿಲ್ಲ, ಆಯಿಲ್‌ಗೆ ಮಾತ್ರ ಗೊತ್ತಾಗುತ್ತದೆ. 1.2 ಟಿಎಸ್‌ಐಗೆ ಫೋಕ್ಸ್‌ವ್ಯಾಗನ್‌ನ 502 00 ಗುಣಮಟ್ಟದ 5ಡಬ್ಲ್ಯು-40, ಸುಮಾರು 4 ಲೀಟರ್. ಡಬ್ಬಿಯ ಹಿಂದೆ ಆ 502 00 ಅಂಕಿ ಇಲ್ಲದಿದ್ದರೆ ಎಷ್ಟೇ ದುಬಾರಿಯಾದರೂ ಬೇಡ. ಡಿಪ್‌ಸ್ಟಿಕ್ಕಿನ ಎರಡು ಗುರುತಿನ ನಡುವೆ ನಿಲ್ಲಿಸಿ, ಮೇಲಿನ ಗುರುತು ದಾಟಿಸಬೇಡಿ. ಡ್ರೇನ್ ಬೋಲ್ಟ್ ವಾಷರ್ ಸಮೇತ ಹೊಸದು ಹಾಕಿ, 30 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಅಷ್ಟು ಸಾಕು, ಸಂಪಿನ (ಆಯಿಲ್ ನಿಲ್ಲುವ ತೊಟ್ಟಿಯ) ತಿರುಪಿನ ಎಳೆ ಮೆತ್ತಗಿನದು. 1.2 ಟಿಎಸ್‌ಐ ವಂಶದಲ್ಲಿ ಟೈಮಿಂಗ್ ಚೈನ್ ಇರುವ ಎಂಜಿನ್ನೂ ಇದೆ, ಬೆಲ್ಟ್ ಇರುವುದೂ ಇದೆ. ನಿಮ್ಮದು ಯಾವುದು ಅಂತ ಎಂಜಿನ್ ಕೋಡ್ ನೋಡಿ ಖಚಿತ ಮಾಡಿಕೊಂಡೇ ಬಿಡಿಭಾಗ ತರಿಸಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಒಂದೆರಡು ಸೆಕೆಂಡ್ ಸರಪಳಿ ಅಲ್ಲಾಡಿದ ಸದ್ದು ಬಂದರೆ ತೋರಿಸಲು ತಡಮಾಡಬೇಡಿ.

ಪೆಟ್ರೋಲ್ ನೇರವಾಗಿ ಸಿಲಿಂಡರಿಗೇ ಚಿಮ್ಮುವುದರಿಂದ ಗಾಳಿ ಒಳಬಿಡುವ ಇಂಟೇಕ್ ವಾಲ್ವ್ ತೊಳೆಯಲು ಏನೂ ಇಲ್ಲ. ಆಯಿಲ್ ಆವಿ ಅಲ್ಲಿ ಕೂತು ಕರಿಯಾಗಿ ಗಟ್ಟಿಯಾಗುತ್ತದೆ. ಬೆಳಗಿನ ಸ್ಟಾರ್ಟಿನಲ್ಲಿ ಎಂಜಿನ್ ನಡುಕ, ಸ್ಕ್ಯಾನರಿನಲ್ಲಿ ಮಿಸ್‌ಫೈರ್ (ಸಿಲಿಂಡರಿನಲ್ಲಿ ಉರಿ ತಪ್ಪುವುದು) ಬಂದರೆ ಸಂಶಯ ಪಡಿ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಇಂಜೆಕ್ಟರಿಗೆ ಸರಿ, ಈ ವಾಲ್ವುಗಳಿಗೆ ತಲುಪುವುದೇ ಇಲ್ಲ. ಗಾಳಿ ಹಂಚುವ ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ತೆಗೆಸಬೇಕು. ಅದಕ್ಕೂ ಮುಂಚೆ ಸ್ಪಾರ್ಕ್ ಪ್ಲಗ್ ಬದಲಿಸಿ ನೋಡಿ. ಸಿಲಿಂಡರಿಗೊಂದು ಕಾಯಿಲ್ (ಪ್ಲಗ್ಗಿಗೆ ಕರೆಂಟ್ ಕೊಡುವ ಸುರುಳಿ) ಇರುವ ಎಂಜಿನ್ ಆಗಿದ್ದರೆ 1ನೇ ಸಿಲಿಂಡರಿನ ಕಾಯಿಲನ್ನು 3ಕ್ಕೆ ಹಾಕಿ ಓಡಿಸಿ. ಕೋಡ್ ಪಿ0301ರಿಂದ ಪಿ0303ಕ್ಕೆ ಹೋದರೆ ಕಾಯಿಲೇ ಕಳ್ಳ.

ಪೆಟ್ರೋಲ್ ವಿಷಯ ಚಿಕ್ಕದಾಗಿ: ಈಗ ಬಂಕಿನಲ್ಲಿ ಬರುವುದು 20% ಎಥೆನಾಲ್ ಸೇರಿದ ಇ20. ಅದರಲ್ಲಿ ಆಕ್ಟೇನ್‌ಗೆ ಕೊರತೆ ಇಲ್ಲ, ಮೈಲೇಜ್ ಮಾತ್ರ ಇಳಿಯುತ್ತದೆ. ಎಥೆನಾಲ್ ತೇವ ಹೀರುತ್ತದೆ. ಮಳೆಗಾಲದಲ್ಲಿ ಕಾರು ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ. ಹಳೆಯ ಕಾರಿನ ಪೆಟ್ರೋಲ್ ಹೋಸುಗಳನ್ನು ಪ್ರತಿ ಸರ್ವಿಸಿನಲ್ಲೂ ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ, ಸೀಳು ಕಂಡರೆ ಬದಲಿಸಿ.

ಪುಣೆಯ ರಸ್ತೆ ತಿನ್ನುವುದು ಮುಂದಿನ ಸಸ್ಪೆನ್ಶನ್ನನ್ನು. ಸಣ್ಣ ಗುಂಡಿಯಲ್ಲಿ ಟಕ್ ಟಕ್ ಅಂದರೆ ಬಹುಪಾಲು ಲಿಂಕ್ ರಾಡ್, ಸ್ಟೀರಿಂಗ್ ತಿರುಗಿಸುವಾಗ ಟೊಂಯ್ ಅಂದರೆ ಸ್ಟ್ರಟ್ ಮೌಂಟ್, ಬ್ರೇಕ್ ಹಾಕಿದಾಗ ಮೂತಿ ಒಂದು ಕಡೆ ಎಳೆದರೆ ಲೋವರ್ ಆರ್ಮ್ ಬುಶ್. ಬಿಡಿಭಾಗಕ್ಕೆ ನಾನಾ ಪೇಠ್ ಇದೆ. ಆದರೆ ಹೊಸ ಬುಶ್ ಹಾಕಿದ ಆರೇ ತಿಂಗಳಿಗೆ ಹರಿಯಿತು ಎಂಬ ದೂರಿಗೆ ಕಾರಣ ಬಹಳ ಸಲ ಮಾಲಿನಲ್ಲಿ ಇರುವುದಿಲ್ಲ, ಬಿಗಿದ ರೀತಿಯಲ್ಲಿರುತ್ತದೆ. ಕಾರು ಲಿಫ್ಟ್ ಮೇಲಿದ್ದಾಗ ಚಕ್ರ ಕೆಳಗೆ ಜೋತುಬಿದ್ದಿರುತ್ತದೆ. ಆಗಲೇ ಬುಶ್ಶಿನ ಬೋಲ್ಟ್ ಪೂರ್ತಿ ಬಿಗಿದರೆ ರಬ್ಬರ್ ಆ ಭಂಗಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಕಾರು ಕೆಳಗಿಳಿದ ಕ್ಷಣದಿಂದ ಅದು ತಿರುಚಿಕೊಂಡೇ ಬದುಕಬೇಕು. ಬೋಲ್ಟನ್ನು ಕೈಬಿಗಿ ಮಾತ್ರ ಮಾಡಿ, ಆರ್ಮಿನ ಕೆಳಗೆ ಜ್ಯಾಕ್ ಕೊಟ್ಟು ಕಾರಿನ ಭಾರ ಕೂರಿಸಿ, ಆಮೇಲೆ ಬಿಗಿಸಿ. ಐದು ನಿಮಿಷದ ಕೆಲಸ.

ಚಕ್ರಕ್ಕೂ ಅದೇ ಶಿಸ್ತು. ಪಂಕ್ಚರ್ ಅಂಗಡಿಯಲ್ಲಿ ಮೊದಲೇ ಹೇಳಿ, "ದಾದಾ, ಗನ್ ಬೇಡ, ಕೈಯಲ್ಲೇ ಕೂರಿಸಿ. ಕೊನೆಗೆ ಟಾರ್ಕ್ ರೆಂಚ್ ಹಾಕೋಣ." ಪೋಲೋಗೆ 120 ನ್ಯೂಟನ್ ಮೀಟರ್. ಬೇರೆ ಅಲಾಯ್ ಹಾಕಿಸುವವರು 5 ಬೋಲ್ಟ್, 100 ಮಿ.ಮೀ. ಪಿಸಿಡಿ (ಬೋಲ್ಟ್ ತೂತುಗಳ ವೃತ್ತದ ಅಗಲ) ನೋಡಿದರೆ ಸಾಲದು, ನಡುವಿನ ತೂತು 57.1 ಮಿ.ಮೀ. ಇರಬೇಕು. ದೊಡ್ಡದಿದ್ದರೆ ಆ ಸಂದು ತುಂಬುವ ಹಬ್ ರಿಂಗ್ ಹಾಕಿಸಿ, ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೈವೇಯಲ್ಲಿ ಸ್ಟೀರಿಂಗ್ ನಡುಗುತ್ತದೆ. 185/60 ಆರ್15 ಟಯರಿನ ಎತ್ತರ 603 ಮಿ.ಮೀ.; 205/55 ಆರ್15 ಹಾಕಿದರೆ 606.5, ಸ್ಪೀಡೋಮೀಟರ್ ಕೆಡುವುದಿಲ್ಲ, ಹಿಡಿತ ಹೆಚ್ಚು, ಸ್ಟೀರಿಂಗ್ ಸ್ವಲ್ಪ ಭಾರ. ನಮ್ಮ ಗುಂಡಿಗಳಿಗೆ 17 ಇಂಚಿನ ಚಕ್ರ ಬೇಡವೇ ಬೇಡ.

ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ, ಎರಡು ಕಡೆ ಕೈ ಹಾಕಿ. ವೈಪರ್ ಕೆಳಗಿನ ಪ್ಲಾಸ್ಟಿಕ್ಕಿನ ಒಳಗೆ ಕೂತ ಎಲೆ, ಕಸ ತೆಗೆಯಿರಿ. ಅಲ್ಲಿ ನೀರು ಕಟ್ಟಿದರೆ ಒಳಗೆ ಇಳಿಯುತ್ತದೆ. ಮೊದಲ ಜೋರು ಮಳೆಯ ಮರುದಿನ ಹಿಂದಿನ ಸೀಟಿನ ಕಾಲಡಿಯ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ. ಮೇಲೆ ಒಣಗಿದಂತೆ ಕಂಡರೂ ಕೆಳಗಿನ ಫೋಮ್ ಸ್ಪಂಜಿನಂತೆ ನೀರು ಹಿಡಿದಿರುತ್ತದೆ, ಒತ್ತಿದಾಗ ಬೆರಳ ಸಂದಿಯಲ್ಲಿ ಬರುತ್ತದೆ. ಪೋಲೋದಲ್ಲಿ ಬಾಗಿಲಿನ ಒಳಪಟ್ಟಿಯ ಸೀಲ್ ಹಳತಾಗಿ ಹೀಗಾಗುವುದುಂಟು. ಬಾಗಿಲಿನ ಟ್ರಿಮ್ ಬಿಚ್ಚಿ ಹೊಸದಾಗಿ ಸೀಲ್ ಮಾಡಿಸಬೇಕು. ಕಾರ್ಪೆಟ್ ಮಾತ್ರ ಒಣಗಿಸಿದರೆ ಮುಂದಿನ ಮಳೆಗೆ ಮತ್ತೆ ಅದೇ.

ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಂ ಬದಲಿಸಿ ಬಲ ಏರಿಸುವುದು) ಬಗ್ಗೆ ಎಲ್ಲರೂ ಕೇಳುತ್ತಾರೆ. ಡಿಎಸ್‌ಜಿ ಗೇರ್‌ಬಾಕ್ಸಿನ ಮಿತಿ 250 ನ್ಯೂಟನ್ ಮೀಟರ್. ಸವೆದ ಕ್ಲಚ್ಚಿನ ಮೇಲೆ ಟಾರ್ಕ್ ಏರಿಸಿದರೆ ಅದು ಹಿಡಿಯದೆ ಜಾರುತ್ತದೆ. ಮೊದಲು ಕ್ಲಚ್, ಪ್ಲಗ್, ಟಯರ್, ಬ್ರೇಕ್ ಸರಿ ಮಾಡಿಸಿ. ಆಮೇಲೂ ಆಸೆ ಉಳಿದಿದ್ದರೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿಯೇ ಮಾಡಿಸಿ.

ಇಷ್ಟೆಲ್ಲ ಆದ ಕಾರನ್ನು ವಾರದ ನಡುವಿನ ಒಂದು ಬೆಳಿಗ್ಗೆ ಆರಕ್ಕೆ ಮುಂಚೆ ಪೌಡ್ ದಾಟಿಸಿ ಮುಳಶಿ ಕಡೆಯಿಂದ ತಾಮ್ಹಿಣಿ ಘಾಟಿಗೆ ಕರೆದುಕೊಂಡು ಹೋಗಿ. ಮಳೆಗಾಲದ ಶನಿವಾರ, ಭಾನುವಾರ ಮಾತ್ರ ಬೇಡ, ಜಲಪಾತ ನೋಡಲು ಬಂದವರು ರಸ್ತೆಯಲ್ಲೇ ನಿಂತಿರುತ್ತಾರೆ. ಮೊದಲ ಹತ್ತು ಹನ್ನೆರಡು ಕಿಲೋಮೀಟರ್ ಹಗುರವಾಗಿ ಓಡಿಸಿ. ಸೂಜಿ ನಡುವೆ ಬಂದರೆ ಕೂಲೆಂಟ್ ಬಿಸಿಯಾಯಿತು ಅಷ್ಟೇ, ಆಯಿಲ್‌ಗೆ ಇನ್ನೂ ಹೊತ್ತು ಬೇಕು. ತಿರುವುಗಳಲ್ಲಿ ಲಿವರನ್ನು ಎಸ್‌ಗೆ (ಸ್ಪೋರ್ಟ್) ಹಾಕಿ. ಡಿಯಲ್ಲಿ ಅದು ಪೆಟ್ರೋಲ್ ಉಳಿಸಲು ಮೇಲಿನ ಗೇರಿಗೆ ಓಡುತ್ತದೆ, ಎಸ್‌ನಲ್ಲಿ ಎಂಜಿನ್ ಎಳೆತದಲ್ಲೇ ಇರುತ್ತದೆ. ಈ ಕಾರಿನ ಸುಖ ಇರುವುದು 2ನೇ, 3ನೇ ಗೇರಿನ ತಿರುವುಗಳಲ್ಲಿ. ಬ್ರೇಕನ್ನು ನೇರ ರಸ್ತೆಯಲ್ಲೇ ಮುಗಿಸಿ, ಮೂತಿ ಒಳಕ್ಕೆ ತಿರುಗಿದ ಮೇಲೆ ಕಾಲು ಕೊಟ್ಟರೆ 175 ನ್ಯೂಟನ್ ಮೀಟರೂ ಅಲ್ಲೇ ಕೈಗೆ ಬರುತ್ತದೆ.

ಇಳಿಯುವಾಗ ಮ್ಯಾನುವಲ್‌ನಲ್ಲಿ 2 ಅಥವಾ 3 ಹಿಡಿದು ಎಂಜಿನ್ನಿಗೇ ಕಾರನ್ನು ತಡೆಯಲು ಬಿಡಿ. ಬ್ರೇಕ್ ಆಯಿಲ್ ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ. ಗಾಳಿಯ ತೇವ ಹೀರಿ ಹಳತಾದರೆ ಆ ಮಟ್ಟ 155 ಡಿಗ್ರಿಯ ಹತ್ತಿರ ಬೀಳಬಹುದು. ಕುದಿದರೆ ಒಳಗೆ ಆವಿಯಾಗಿ ಪೆಡಲ್ ನೆಲಕ್ಕೆ ಹೋಗುತ್ತದೆ, ಅದೂ ಇಳಿಜಾರಿನ ತಿರುವಿನಲ್ಲಿ. ಎರಡು ವರ್ಷಕ್ಕೊಮ್ಮೆ ತಪ್ಪದೇ ಬದಲಿಸಿ. ಮೇಲೆ ಹತ್ತಿ ನಿಲ್ಲುವ ಮುಂಚೆ ಕೊನೆಯ ಎರಡು ಕಿಲೋಮೀಟರ್ ಕಾಲು ಹಗುರ ಮಾಡಿ. ಕೆಂಪಗೆ ಕಾದ ಟರ್ಬೊ ಇರುವಾಗ ಎಂಜಿನ್ ಆಫ್ ಮಾಡಿದರೆ ಬೇರಿಂಗಿನಲ್ಲಿ ನಿಂತ ಆಯಿಲ್ ಅಲ್ಲೇ ಸುಟ್ಟು ಕರಿ ಕಟ್ಟುತ್ತದೆ. ಚಹಾದಂಗಡಿ ಮುಂದೆ ನಿಲ್ಲಿಸಿದರೆ ಚಹಾ ಹೇಳಿ ಬರುವವರೆಗೆ ಎಂಜಿನ್ ಓಡುತ್ತಿರಲಿ, ಜೊತೆಗಿದ್ದವರು ಕಾರಿನಲ್ಲೇ ಕೂತಿರಲಿ.