ಒಂದನೆಯ ಸಿಲಿಂಡರ್ ಯಾವ ತುದಿಯದು?

ಸುಂಟಿಕೊಪ್ಪದ ಬಳಿಯ ನಮ್ಮ ಮನೆಯ ಹಿಂದೆ, ಒಂದು ಕಾಲದಲ್ಲಿ ಕಾಫಿ ಮೂಟೆಗಳನ್ನು ಪೇರಿಸಿಡುತ್ತಿದ್ದ ಹಂಚಿನ ಕೊಟ್ಟಿಗೆಯಲ್ಲಿ, 1964ರ ಅಂಬಾಸಿಡರ್ ಮಾರ್ಕ್ 2 ಕಾರು ನಿಂತಿದೆ. ಇಂಗ್ಲೆಂಡಿನ ಹವ್ಯಾಸಿಗಳ ಲೆಕ್ಕದಲ್ಲಿ 1919ರಿಂದ 1930ರವರೆಗಿನ ಕಾರು ಮಾತ್ರ ವಿಂಟೇಜ್. ನಮ್ಮ ಕೇಂದ್ರ ಸರ್ಕಾರವು 2021ರಲ್ಲಿ ತಂದ ನಿಯಮವಾದರೋ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪವನ್ನು ಉಳಿಸಿಕೊಂಡ ವಾಹನಕ್ಕೆ ಆ ಹೆಸರನ್ನು ಕೊಡುತ್ತದೆ. ಎರಡನೆಯ ಲೆಕ್ಕವೇ ನಮಗೆ ಅನುಕೂಲವಾದ್ದರಿಂದ ಮನೆಯಲ್ಲಿ ಎಲ್ಲರೂ ಅದನ್ನು ವಿಂಟೇಜ್ ಕಾರೆಂದೇ ಕರೆಯುತ್ತೇವೆ.

ಕಾರಿನ ಜೊತೆಯಲ್ಲಿ ಅಪ್ಪನ ನೋಟ್‌ಬುಕ್ಕೊಂದು ನನ್ನ ಕೈಗೆ ಬಂದಿತು. ಕಾಫಿ ಕೊಯ್ಲಿನ ಆಳುಗಳ ಲೆಕ್ಕಕ್ಕೆಂದು ತಂದ ಉದ್ದನೆಯ ಪುಸ್ತಕದ ಹಿಂಬದಿಯಲ್ಲಿ ಅವರು ಆಯಿಲ್ ಬದಲಿಸಿದ್ದು, ಪಾಯಿಂಟ್ ಉಜ್ಜಿದ್ದು, ಟಾಪೆಟ್ ಹೊಂದಿಸಿದ್ದು ಎಲ್ಲವನ್ನೂ ತಾರೀಖಿನ ಸಮೇತ ಬರೆದಿಟ್ಟಿದ್ದಾರೆ. ಅದರ ಕೊನೆಯ ಹತ್ತಾರು ಪುಟಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ: ‘4ನೇ ಪ್ಲಗ್‌ಗೆ ಎಣ್ಣೆ. ತೊಳೆದು ಹಾಕಿದೆ.’ ಕಳೆದ ಮಳೆಗಾಲ ಮುಗಿದ ಮೇಲೆ ಕಾರನ್ನು ಹೊರಗೆ ತೆಗೆದಾಗ ಎಂಜಿನ್ ಒಂದೇ ಸಮನೆ ಮಿಸ್ ಹೊಡೆಯುತ್ತಿತ್ತು. ಅಪ್ಪನ ಬರಹವನ್ನು ನಂಬಿ, ಡ್ಯಾಶ್‌ಬೋರ್ಡಿನ ಹಿಂದಿನ ಗೋಡೆಗೆ ಅಂಟಿಕೊಂಡಂತಿರುವ ಕೊನೆಯ ಸಿಲಿಂಡರಿನ ಪ್ಲಗ್ ಬಿಚ್ಚಿದೆ. ಅದು ಬಿಸ್ಕತ್ತಿನ ಬಣ್ಣಕ್ಕೆ ತಿರುಗಿ, ಒಣಗಿ, ನೋಡಿದರೆ ಸಂತೋಷವಾಗುವಂತಿತ್ತು. ಹೊಸ ಪ್ಲಗ್ ಹಾಕಿದೆ, ಅದರ ವೈರನ್ನೂ ಬದಲಿಸಿದೆ, ಮಿಸ್ಸಿಂಗ್ ಹೋಗಲಿಲ್ಲ. ಕೊನೆಗೆ ಕುಶಾಲನಗರದ ಗೆಳೆಯನೊಬ್ಬನಿಂದ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತಂದು ನಾಲ್ಕನ್ನೂ ಅಳೆದೆ. ಹಿಂದಿನ ಮೂರು ಸಿಲಿಂಡರುಗಳು 120 ಪೌಂಡಿನ ಆಸುಪಾಸಿನಲ್ಲಿ ನಿಂತವು, ರೇಡಿಯೇಟರಿನ ಹತ್ತಿರದ ಸಿಲಿಂಡರು ಮಾತ್ರ 75ಕ್ಕಿಂತ ಮೇಲೆ ಏಳಲೇ ಇಲ್ಲ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ 110ಕ್ಕೆ ಏರಿತು. ಎಣ್ಣೆ ಬಿಟ್ಟೊಡನೆ ಒತ್ತಡ ಏರಿದರೆ ಸವೆದಿರುವುದು ಪಿಸ್ಟನ್ ರಿಂಗು, ಏರದಿದ್ದರೆ ವಾಲ್ವಿನ ಕಡೆ ನೋಡಬೇಕು ಎಂಬುದು ಹಳೆಯ ಪರೀಕ್ಷೆ. ಹಾಗಾಗಿ ರೋಗ ಯಾವುದೆಂದು ತಿಳಿಯಿತು; ಆದರೆ ಎಂಜಿನ್ನಿನ ಹಿಂದಿನ ತುದಿಯಲ್ಲಿದ್ದ ರೋಗವು ಮುಂದಿನ ತುದಿಗೆ ಹೇಗೆ ನಡೆದುಬಂದಿತು ಎಂಬುದು ತಿಳಿಯಲಿಲ್ಲ.

ಜಗಲಿಯಲ್ಲಿ ಕುಳಿತಿದ್ದ ಅಪ್ಪನನ್ನು ಕೇಳಿದೆ. “ಅಪ್ಪ, ನೀವು ಒಂದನೇ ಸಿಲಿಂಡರ್ ಅಂತ ಯಾವುದನ್ನ ಹೇಳ್ತಿದ್ರಿ?”

“ಯಾವುದು ಅಂದರೆ? ಸೀಟಿನಲ್ಲಿ ಕೂತವನಿಗೆ ಹತ್ತಿರ ಇರೋದು ಒಂದು. ಆ ತುದೀದು ನಾಲ್ಕು. ಇದನ್ನ ಕೇಳೋಕೆ ಎದ್ದು ಬಂದೆಯಾ?”

ನಲವತ್ತು ವರ್ಷ ಈ ಕಾರನ್ನು ತಾವೇ ಬಿಚ್ಚಿ, ತಾವೇ ಜೋಡಿಸಿ, ಸಂಪಾಜೆ ಘಾಟಿಯನ್ನು ಲೆಕ್ಕವಿಲ್ಲದಷ್ಟು ಸಲ ಹತ್ತಿ ಇಳಿಸಿದ ಮನುಷ್ಯ ಅಷ್ಟೂ ವರ್ಷ ಸಿಲಿಂಡರುಗಳನ್ನು ತಲೆಕೆಳಗಾಗಿ ಎಣಿಸಿದ್ದರು. ತಯಾರಕರ ಲೆಕ್ಕ ಇದಕ್ಕೆ ನೇರ ವಿರುದ್ಧವಾದದ್ದು. ಉದ್ದಕ್ಕೆ ಒಂದೇ ಸಾಲಿನಲ್ಲಿ ಸಿಲಿಂಡರುಗಳಿರುವ ಎಂಜಿನ್ನುಗಳಲ್ಲಿ ಇಂಗ್ಲಿಷರೂ ಅಮೆರಿಕನ್ನರೂ ಸಾಮಾನ್ಯವಾಗಿ ಫ್ಯಾನು, ಪುಲ್ಲಿ, ಟೈಮಿಂಗ್ ಚೈನು ಇರುವ ತುದಿಯಿಂದ ಎಣಿಕೆ ಶುರುಮಾಡುತ್ತಾರೆ. ಇನ್ನೊಂದು ತುದಿಯ ಭಾರದ ಚಕ್ರವಾದ ಫ್ಲೈವ್ಹೀಲ್ ಮತ್ತು ಕ್ಲಚ್ಚಿನ ಪಕ್ಕದ್ದು ಕೊನೆಯದಾಗುತ್ತದೆ. ಜರ್ಮನ್ನರ ಡಿಐಎನ್ 73021 ಮಾನಕವು ಇದನ್ನೇ ಇನ್ನೂ ಖಚಿತವಾಗಿ, ಶಕ್ತಿ ಹೊರಬರುವ ತುದಿಗೆ ಎದುರಿನ ತುದಿಯಿಂದ ಎಣಿಸಬೇಕು ಎಂದು ಹೇಳುತ್ತದೆ. ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸುತ್ತಿದ್ದ ಕಾಲದವನು ಬಂಪರಿನ ಮುಂದೆ ಬಗ್ಗಿ ನಿಂತರೆ ಅವನಿಗೆ ಮೊದಲು ಸಿಗುವುದೇ ಒಂದನೆಯ ಸಿಲಿಂಡರು ಎಂದುಕೊಂಡರೆ ನೆನಪಿಡುವುದು ಸುಲಭ. ನಮ್ಮಪ್ಪ ಮಾತ್ರ ತಾವು ಕುಳಿತಲ್ಲಿಂದ ಎಣಿಸಿದರು. ತೋಟದಲ್ಲಿಯೂ ಇದು ಹೊಸತಲ್ಲ. ತೋಟದ ಲೆಕ್ಕ ಬರೆಯುವ ರೈಟರು ಕಾಫಿ ಸಾಲುಗಳನ್ನು ರಸ್ತೆಯ ಕಡೆಯಿಂದ ಎಣಿಸಿ, ಮೇಸ್ತ್ರಿ ತೋಡಿನ ಕಡೆಯಿಂದ ಎಣಿಸಿ, ಗೊಬ್ಬರ ಬೀಳದ ಏಳನೆಯ ಸಾಲು ಯಾವುದೆಂದು ಮಧ್ಯಾಹ್ನದವರೆಗೆ ವಾದ ಮಾಡುವುದನ್ನು ನಾನೇ ಕಂಡಿದ್ದೇನೆ.

ಹಾಗಿದ್ದರೆ ಇಷ್ಟು ವರ್ಷ ಕಾರು ಓಡಿದ್ದು ಹೇಗೆ? ಪ್ಲಗ್ ವೈರುಗಳನ್ನು ತಪ್ಪು ಸಂಖ್ಯೆಗೆ ಹಾಕಿದರೆ ಎಂಜಿನ್ ಕೆಮ್ಮಬೇಕು, ಕಾರ್ಬ್ಯುರೇಟರಿನಲ್ಲಿ ಬೆಂಕಿ ಉಗುಳಬೇಕು, ಹತ್ತು ಮಾರು ದೂರವೂ ಹೋಗಬಾರದು. ಆ ರಾತ್ರಿ ಒಂದು ಹಾಳೆಯಲ್ಲಿ ಬರೆದು ನೋಡಿದಾಗ ಉತ್ತರ ಸಿಕ್ಕಿತು, ಮತ್ತು ಅದು ನಾನು ನಿರೀಕ್ಷಿಸಿದ್ದಕ್ಕಿಂತ ಚೆಲುವಾಗಿತ್ತು.

ಈ ಕಾರಿನ 1,489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್ನಿನಲ್ಲಿ ಕಿಡಿ ಹಾರುವ ಸರದಿ, ಅಂದರೆ ಫೈರಿಂಗ್ ಆರ್ಡರ್, 1-3-4-2. ಈಗ ಎಣಿಕೆಯನ್ನು ತಿರುಗಿಸಿ 1 ಇದ್ದಲ್ಲಿ 4, 3 ಇದ್ದಲ್ಲಿ 2, 4 ಇದ್ದಲ್ಲಿ 1, 2 ಇದ್ದಲ್ಲಿ 3 ಎಂದು ಬರೆಯೋಣ. ಸಿಗುವುದು 4-2-1-3. ಸರದಿ ಎಂಬುದು ಚಕ್ರದಂತೆ ಸುತ್ತುವಂಥದ್ದಾದ್ದರಿಂದ ಎಲ್ಲಿಂದ ಓದಿದರೂ ಒಂದೇ. 1ರಿಂದ ಓದಿದರೆ ಅದು ಮತ್ತೆ 1-3-4-2 ಆಗುತ್ತದೆ. ಅಂದರೆ ಯಾವ ತುದಿಯಿಂದ ಎಣಿಸಿದರೂ ಈ ಎಂಜಿನ್ನಿನ ಸರದಿ ಬದಲಾಗುವುದೇ ಇಲ್ಲ.

ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹೊಂದಿಸುವಾಗಲೂ ಅಪ್ಪನ ತಪ್ಪು ಹೊರಗೆ ಬರುವಂತಿರಲಿಲ್ಲ. ಅವರು ತಮ್ಮ ‘ಒಂದನೇ’ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ, ಗಾಳಿ ಬೆರಳನ್ನು ತಳ್ಳುವವರೆಗೆ ನನ್ನಿಂದ ಹ್ಯಾಂಡಲ್ ತಿರುಗಿಸುತ್ತಿದ್ದರು. ಆಮೇಲೆ ಪುಲ್ಲಿಯ ಅಂಚಿನ ಕಚ್ಚನ್ನು ಟೈಮಿಂಗ್ ಕವರಿನ ಮುಳ್ಳಿಗೆ ಸರಿಹೊಂದಿಸುತ್ತಿದ್ದರು. ನಾಲ್ಕು ಸಿಲಿಂಡರಿನ ಇಂಥ ಎಂಜಿನ್ನಿನಲ್ಲಿ ಎರಡು ತುದಿಗಳ ಪಿಸ್ಟನ್ನುಗಳು ಜೊತೆಯಾಗಿ ಏರುತ್ತವೆ, ನಡುವಿನ ಎರಡು ಜೊತೆಯಾಗಿ ಇಳಿಯುತ್ತವೆ. ಆದ್ದರಿಂದ ಪುಲ್ಲಿಯ ಗುರುತು ಮೊದಲನೆಯದಕ್ಕೂ ಕೊನೆಯದಕ್ಕೂ ಒಂದೇ. ಎರಡರಲ್ಲಿ ಯಾವುದು ಕಂಪ್ರೆಷನ್ನಿನಲ್ಲಿದೆ ಎಂಬುದನ್ನು ಹೆಬ್ಬೆರಳು ಮಾತ್ರ ಹೇಳಬಲ್ಲದು. ಹೆಬ್ಬೆರಳು ಹಿಂದಿನ ತೂತಿನ ಮೇಲೆಯೇ ಇತ್ತು, ಡಿಸ್ಟ್ರಿಬ್ಯೂಟರಿನೊಳಗೆ ಸುತ್ತುತ್ತ ಪ್ಲಗ್ಗುಗಳಿಗೆ ಕಿಡಿ ಹಂಚುವ ರೋಟರು ತೋರಿಸಿದ ಕಂಬಿಯ ವೈರನ್ನು ಅದೇ ಹಿಂದಿನ ಪ್ಲಗ್ಗಿಗೆ ಹಾಕಿದರು, ಅಲ್ಲಿಂದ ರೋಟರು ಸುತ್ತುವ ದಿಕ್ಕಿನಲ್ಲಿ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ತಮ್ಮ 3, 4, 2ಕ್ಕೆ ಉಳಿದ ಮೂರನ್ನು ಹಾಕಿದರು. ತಪ್ಪಾಗಲು ಎಲ್ಲಿಯೂ ದಾರಿಯಿಲ್ಲ.

ಟಾಪೆಟ್ ಕೆಲಸದಲ್ಲಿಯೂ, ಅಂದರೆ ವಾಲ್ವುಗಳ ಸಂದು ಹೊಂದಿಸುವಲ್ಲಿಯೂ, ಇದೇ ಕಥೆ. ಎಂಟು ವಾಲ್ವುಗಳ ಈ ಸಾಲಿಗೆ ‘ಒಂಬತ್ತರ ಲೆಕ್ಕ’ ಎಂಬ ಸುಲಭ ಉಪಾಯವಿದೆ: ಎಂಟನೆಯ ವಾಲ್ವು ಪೂರ್ತಿ ತೆರೆದಾಗ ಒಂದನೆಯದರ ಸಂದನ್ನು ಹೊಂದಿಸಬೇಕು, ಆರು ತೆರೆದಾಗ ಮೂರನ್ನು, ಐದು ತೆರೆದಾಗ ನಾಲ್ಕನ್ನು, ಎರಡೂ ಸಂಖ್ಯೆಗಳನ್ನು ಕೂಡಿದರೆ ಯಾವಾಗಲೂ 9 ಬರಬೇಕು. ಇನ್ನೊಂದು ತುದಿಯಿಂದ ಎಣಿಸಿದರೂ ಅದೇ ಜೋಡಿಗಳು, ಅದೇ ಒಂಬತ್ತು. ಸಾಲದ್ದಕ್ಕೆ 1, 4, 5, 8 ಎಕ್ಸಾಸ್ಟ್ ವಾಲ್ವುಗಳು, 2, 3, 6, 7 ಇನ್‌ಲೆಟ್ ವಾಲ್ವುಗಳು. ಆ ಸಾಲೂ ಎರಡು ಕಡೆಯಿಂದ ಒಂದೇ ತೆರನಾಗಿ ಓದಿಸಿಕೊಳ್ಳುತ್ತದೆ. ಇಷ್ಟು ಕ್ಷಮಾಗುಣದ ಎಂಜಿನ್ನಿನ ಜೊತೆ ಒಬ್ಬನೇ ಮನುಷ್ಯ ಒಂದೇ ರೀತಿಯಲ್ಲಿ ತಪ್ಪಿ ಎಣಿಸುತ್ತಿದ್ದರೆ ಅದನ್ನು ತಪ್ಪೆಂದು ಯಾರು ಹೇಳಬೇಕು? ಎರಡನೆಯವನು ನೋಟ್‌ಬುಕ್ ತೆರೆದು ಓದಿದಾಗಲೇ ಅದು ತಪ್ಪಾದದ್ದು.

ಆರು ಸಿಲಿಂಡರಿನ ಸಾಲಿನಲ್ಲಿ ಬಹುತೇಕ ಕಡೆ ಬಳಕೆಯಲ್ಲಿರುವ 1-5-3-6-2-4 ಸರದಿಯನ್ನೂ ಇದೇ ಹಾಳೆಯಲ್ಲಿ ತಿರುಗಿಸಿ ನೋಡಿದೆ. ಅದಕ್ಕೂ ಈ ಗುಣವಿದೆ. ಮೂರು ಸಿಲಿಂಡರಿನ ಮಾರುತಿ 800ಕ್ಕೆ ಇಲ್ಲ. ಅದರ ಸರದಿ 1-3-2. ತಿರುಗಿಸಿದರೆ 3-1-2, ಅಂದರೆ 1-2-3 ಆಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಪಕ್ಕದ ತೋಟದವರ ಮಾರುತಿಯನ್ನು ಅಪ್ಪ ಯಾವತ್ತೂ ಮುಟ್ಟದೇ ಇದ್ದದ್ದು ಒಳ್ಳೆಯದೇ ಆಯಿತು.

ಎಲ್ಲ ದೇಶದವರೂ ಪುಲ್ಲಿಯ ಕಡೆಯಿಂದಲೇ ಎಣಿಸುತ್ತಾರೆಂದೂ ತಿಳಿಯಬೇಕಾಗಿಲ್ಲ. ಫ್ರೆಂಚರ ಪೆಜೊ 404ರಲ್ಲಿ ಒಂದನೆಯದು ಫ್ಲೈವ್ಹೀಲಿನ ಪಕ್ಕದ್ದು. ಅಪ್ಪ ಪೆಜೊ ಇಟ್ಟುಕೊಂಡಿದ್ದರೆ ಅವರ ಲೆಕ್ಕವೇ ಪುಸ್ತಕದ ಲೆಕ್ಕವಾಗುತ್ತಿತ್ತು. ಹಿಂದೆ ಎಂಜಿನ್ ಇರುವ ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಫ್ಲೈವ್ಹೀಲು ಕಾರಿನ ಮುಂಭಾಗಕ್ಕೆ ಮುಖಮಾಡಿದೆ, ಪುಲ್ಲಿ ಹಿಂದಿದೆ. ಅಲ್ಲಿ ಬಲಗಡೆಯ ಮುಂದಿನದು 1, ಅದರ ಹಿಂದಿನದು 2, ಎಡಗಡೆಯ ಮುಂದಿನದು 3, ಅದರ ಹಿಂದಿನದು 4, ಸರದಿ 1-4-3-2. ಈ ಮೂರನೆಯದು ಬೀಟಲ್ ಇಟ್ಟುಕೊಂಡವರ ನಿದ್ದೆ ಕೆಡಿಸುವ ಸಿಲಿಂಡರು. ಹಳೆಯ ಎಂಜಿನ್ನುಗಳಲ್ಲಿ ಆಯಿಲ್ ಕೂಲರು ಫ್ಯಾನಿನ ಗಾಳಿಗೆ ಅಡ್ಡವಾಗಿ ಕುಳಿತು ಅದಕ್ಕೆ ಸಾಕಷ್ಟು ತಂಪು ತಲುಪದಂತೆ ಮಾಡುತ್ತಿತ್ತು, ಅದರ ಎಕ್ಸಾಸ್ಟ್ ವಾಲ್ವು ಬೇಗ ಸುಡುತ್ತಿತ್ತು. ಎಡಗಡೆಯ ಮುಂದಿನದು ಎಂಬುದನ್ನು ಅರಿಯದೆ ‘ಮೂರು’ ಎಂಬ ಅಂಕಿಯನ್ನಷ್ಟೇ ಹಿಡಿದು ಹೊರಟವನು ತಂಪಾಗಿರುವ ಸಿಲಿಂಡರಿನ ವಾಲ್ವನ್ನು ಪರೀಕ್ಷಿಸಿ ನೆಮ್ಮದಿಯಾಗಿ ಮನೆಗೆ ಹೋಗುತ್ತಾನೆ.

ವಿ ಆಕಾರದ ಎಂಟು ಸಿಲಿಂಡರುಗಳಿಗೆ ಬಂದರೆ ಗೊಂದಲ ಹೆಚ್ಚು, ಆದರೆ ನನ್ನ ಹಾಳೆಯ ಆಟವೂ ಅಲ್ಲಿಯೇ ಹೆಚ್ಚು ರುಚಿಸಿತು. 1955ರ ಷೆವರ್ಲೆ ವಿ8 ಎಂಜಿನ್ನಿನಲ್ಲಿ ಎಡಸಾಲಿಗೆ 1, 3, 5, 7, ಬಲಸಾಲಿಗೆ 2, 4, 6, 8, ಸರದಿ 1-8-4-3-6-5-7-2. ಮಸ್ಟ್ಯಾಂಗ್‌ನಲ್ಲಿ ಬಂದ ಫೋರ್ಡಿನ 289 ಘನ ಇಂಚಿನ ಎಂಜಿನ್ನಿನಲ್ಲಿ ಬಲಸಾಲಿನ ಮುಂದಿನಿಂದ 1ರಿಂದ 4, ಎಡಸಾಲಿನ ಮುಂದಿನಿಂದ 5ರಿಂದ 8, ಸರದಿ 1-5-4-2-6-3-7-8. ಎರಡಕ್ಕೂ ಸಂಬಂಧವೇ ಇಲ್ಲವೆನಿಸುತ್ತದೆ. ಆದರೆ ಷೆವರ್ಲೆಯ ಪ್ರತಿ ಸಂಖ್ಯೆಯ ಜಾಗದಲ್ಲಿ ಆ ಸ್ಥಾನಕ್ಕೆ ಫೋರ್ಡ್ ಕೊಡುವ ಸಂಖ್ಯೆಯನ್ನು ಬರೆಯುತ್ತ ಹೋದರೆ 5-4-2-6-3-7-8-1 ಬರುತ್ತದೆ. 1ರಿಂದ ಓದಿದರೆ ಅದು ಫೋರ್ಡಿನ ಸರದಿಯೇ. ಕಿಡಿ ಹಾರುವ ಜಾಗಗಳು ಒಂದೇ, ಹೆಸರುಗಳು ಮಾತ್ರ ಬೇರೆ. ಇಬ್ಬರೂ ಎಣಿಕೆ ಶುರುಮಾಡಿದ್ದು ತಮ್ಮ ತಮ್ಮ ಎಂಜಿನ್ನಿನಲ್ಲಿ ಸ್ವಲ್ಪ ಮುಂದಕ್ಕೆ ಚಾಚಿದ ಸಾಲಿನಿಂದ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ, ಎದುರು ಬದುರಿನ ಎರಡು ಕನೆಕ್ಟಿಂಗ್ ರಾಡುಗಳು ಕ್ರ್ಯಾಂಕಿನ ಒಂದೇ ಪಿನ್ನನ್ನು ಅಕ್ಕಪಕ್ಕದಲ್ಲಿ ಹಿಡಿಯುವುದರಿಂದ ಒಂದು ಸಾಲು ಹೀಗೆ ಮುಂದಿರಲೇಬೇಕಾಗುತ್ತದೆ. ಎಡ ಬಲಗಳನ್ನು ಯಾವಾಗಲೂ ಸೀಟಿನಲ್ಲಿ ಮುಂದೆ ನೋಡಿ ಕುಳಿತವನ ಎಡ ಬಲವೆಂದೇ ತಿಳಿಯಬೇಕು. ಅಮೆರಿಕದ ಪುಸ್ತಕಗಳು ‘ಡ್ರೈವರನ ಕಡೆ’ ಎಂದಾಗ ಅದು ಅವರ ಎಡಗಡೆ, ನಮ್ಮ ಡ್ರೈವರನ ಕಡೆಯಲ್ಲ.

ನಮ್ಮ ಕಾರಿಗೆ ಮರಳುತ್ತೇನೆ. ಹೊರಗಿನಿಂದ ಈ ಎಂಜಿನ್ನಿನ ಮೇಲೆ 1 ಎಂದು ಎಲ್ಲಿಯೂ ಬರೆದಿಲ್ಲ, ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೂ ಇಲ್ಲ. ಕ್ಯಾಪಿನ ಒಳಗಿನ ಕಂಬಿಗಳು ಮಳೆಗಾಲದ ತೇವಕ್ಕೆ ಹಸಿರು ಹಿಡಿದಿದ್ದವು, ಅಷ್ಟೇ. ರಿಂಗು ಬದಲಿಸಲು ಎಂಜಿನ್ನಿನ ಮೇಲಿನ ಹೆಡ್ಡನ್ನೂ ಕೆಳಗಿನ ಎಣ್ಣೆ ತೊಟ್ಟಿಯಾದ ಸಂಪನ್ನೂ ಇಳಿಸಿ, ಕಾರಿನ ಕೆಳಗೆ ಗೋಣಿಚೀಲ ಹಾಸಿ ಮಲಗಿ, ರೇಡಿಯೇಟರಿನ ಕಡೆಯ ಕನೆಕ್ಟಿಂಗ್ ರಾಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಕಪ್ಪು ಎಣ್ಣೆಯ ಕೆಳಗಿನಿಂದ, ರಾಡಿನ ಮೇಲೊಂದು ಅದರ ಕ್ಯಾಪಿನ ಮೇಲೊಂದು, ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾದ ಕಾರ್ಖಾನೆಯಲ್ಲಿ ಹೊಡೆದ ಎರಡು ಸಣ್ಣ ಅಂಕಿಗಳು ಎದ್ದು ಬಂದವು. ಎರಡೂ 1. ಯಾವ ರಾಡು ಯಾವ ಸಿಲಿಂಡರಿನದು, ಯಾವ ಕ್ಯಾಪು ಯಾವ ರಾಡಿನದು ಎಂಬುದು ಅದಲುಬದಲಾಗದಿರಲಿ ಎಂದು ಹೊಡೆದಿರುವ ಗುರುತು ಅದು. ಟಾರ್ಚು ಹಿಡಿದುಕೊಂಡು ಬಗ್ಗಿ ನಿಂತಿದ್ದ ಅಪ್ಪನಿಗೆ ಕೂಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಉತ್ತರಪಾರಾದಲ್ಲಿ ಅದನ್ನ ಹೊಡೆದವನು ಕಾರಿನ ಎದುರಿಗೆ ನಿಂತಿದ್ದಿರಬೇಕು” ಎಂದರು.

ರಿಂಗು ಬದಲಾಯಿತು, ಮಿಸ್ಸಿಂಗ್ ಹೋಯಿತು. ನೋಟ್‌ಬುಕ್ಕಿನಲ್ಲಿ ನಾನು ಯಾವ ಸಂಖ್ಯೆಯನ್ನೂ ಹಾಕದೆ, ‘ರೇಡಿಯೇಟರ್ ಪಕ್ಕದ ಸಿಲಿಂಡರಿಗೆ ಹೊಸ ರಿಂಗು’ ಎಂದು ಬರೆದು ತಾರೀಖು ಹಾಕಿದೆ. ಮರುದಿನ ನೋಡಿದಾಗ ಆ ಸಾಲಿನ ಪಕ್ಕದಲ್ಲಿ, ನಡುಗುವ ಅಕ್ಷರದಲ್ಲಿ, ಆವರಣದೊಳಗೆ 4 ಎಂದು ಬರೆದಿತ್ತು.